ಐದನೆಯ ಕಮಾನಿನ ಕೆಳಗಿನ ಫರಸಿ

ಸುಜಾತಾ, ನಿಮ್ಮಪ್ಪ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಚಿತ್ತಾಪುರದ ಒಂಬತ್ತು ಕಮಾನಿನ ಕಟ್ಟಡವನ್ನು ಕಲ್ಲಿನ ಮೇಲೆ ಗೀಚಿ, ಅಳೆದು, ಕಟ್ಟಿ ನಿಲ್ಲಿಸಿದ ಮಿಸ್ತ್ರಿ ನಿಮ್ಮಪ್ಪನ ಅಪ್ಪ, ನಿನ್ನ ಮುತ್ಯಾ ಸಾಯಬಣ್ಣನೇ. ಅದಕ್ಕೆ ಸಾಕ್ಷಿ ಇತ್ತು. ಅದನ್ನು ನಾನು ಕಣ್ಣಾರೆ ಕಂಡೆ, ಮಂಡಿಯೂರಿ ಕೂತು ಬೆರಳಿನಿಂದ ಸವರಿದೆ — ಆಮೇಲೆ ನನ್ನ ಬಾಯಿಂದಲೇ ಹೇಳಿ ಅದನ್ನು ನೆಲದಲ್ಲಿ ಮುಚ್ಚಿಸಿದೆ. ಇದಾಗಿ ಎಂಟು ವರ್ಷ. ಈ ಎಂಟು ವರ್ಷವೂ ನೀನು ನನಗೆ ನಮಸ್ಕಾರ ಮಾಡುತ್ತಲೇ ಬಂದಿದ್ದೀಯ.

ಹೇಳಬೇಕಾದ ಮಾತನ್ನು ಮೊದಲಿಗೇ ಬರೆದುಬಿಟ್ಟೆ, ಯಾಕೆಂದರೆ ನನ್ನನ್ನು ನಾನು ಬಲ್ಲೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದ ಬಾಯಿ ಇದು. ಪೀಠಿಕೆ ಹಾಕಲು ಬಿಟ್ಟರೆ ನಿಜಾಮರ ಕಾಲದಿಂದ ಶುರುಮಾಡಿ, ಕಾಗಿಣಾ ಹೊಳೆ ದಾಟಿ, ಊರೆಲ್ಲ ಸುತ್ತಿ, ನಿಜದ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆಸಿಬಿಡುತ್ತದೆ. ನೀನು ಮುಂದಿನ ಬೆಂಚಿನಲ್ಲಿ ಕೂತು ಕೇಳಿದವಳು, ನಿನಗೆ ಗೊತ್ತು.

ಆ ಕಟ್ಟಡವೂ ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ಇದನ್ನು ನೀನೊಬ್ಬಳೇ ಓದಿದರೆ ಸಾಲದು.

ಹಳೆ ಪೇಟೆಯ ನಡುವೆ ಎಂಟು ಅಂಗಡಿಗಳ ಒಂದೇ ಸಾಲು. ಮುಂದೆ ಉದ್ದಕ್ಕೂ ಪಡಸಾಲೆ, ಪಡಸಾಲೆಗೆ ಒಂಬತ್ತು ಕಮಾನು. ಆ ಕಡೆ ನಾಲ್ಕು, ಈ ಕಡೆ ನಾಲ್ಕು. ನಡುವಿನ ಐದನೆಯದು ದಾರಿ — ತೊಗರಿ, ಜೋಳದ ಚೀಲ ಹೇರಿದ ಗಾಡಿಗಳು ಅದರೊಳಗಿಂದ ಹಿಂದಿನ ಅಂಗಳಕ್ಕೆ ಹೋಗುತ್ತಿದ್ದವು. ಪ್ರತಿ ಅಂಗಡಿಯ ನೆಲದಡಿ ಧಾನ್ಯ ಇಡಲು ಕಲ್ಲಿನ ಹಗೇವು. ಇಡೀ ಕಟ್ಟಡದಲ್ಲಿ ಒಂದು ತೊಲೆ ಕಟ್ಟಿಗೆ ಇಲ್ಲ, ಒಂದು ಸರಳು ಕಬ್ಬಿಣ ಇಲ್ಲ. ಎಲ್ಲ ನಮ್ಮ ನೆಲದ ಕಲ್ಲೇ. ಹೊರಗಿನವರು ಅದಕ್ಕೆ ಶಾಹಾಬಾದ್ ಕಲ್ಲು ಎನ್ನುತ್ತಾರೆ, ನಾವು ಫರಸಿ ಎನ್ನುತ್ತೇವೆ. ನೆಲದೊಳಗಿಂದ ಹಾಳೆ ಹಾಳೆಯಾಗಿ ಏಳುವ ಕಲ್ಲು. ಅದನ್ನೇ ತೆಳ್ಳಗೆ ಒಂದರ ಮೇಲೊಂದು ಪೇರಿಸಿ ಗೋಡೆ, ಅದನ್ನೇ ಉದ್ದಕ್ಕೆ ಕಡಿದು ತೊಲೆ, ತೊಲೆಗಳ ಮೇಲೆ ಅದನ್ನೇ ಅಡ್ಡ ಹಾಸಿ ಮಾಳಿಗೆ, ಮಾಳಿಗೆಯ ಮೇಲೆ ಸುಣ್ಣದ ಗಚ್ಚು. ನಮ್ಮ ಕಡೆಯ ಬೇಸಿಗೆ ಎಂಥದೆಂದು ಯಾರಿಗೂ ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ಒಳಗೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತದೆ.

ಮೂರನೆಯ ಅಂಗಡಿ ನಮ್ಮದು. ನನ್ನ ಮುತ್ಯಾ ಅಲ್ಲಿ ರೈತರ ತೊಗರಿ ಮಾರಿಸಿಕೊಡುವ ಅಡತಿ ಇಟ್ಟಿದ್ದ. ಕಟ್ಟಡವನ್ನು ಯಾರು ಕಟ್ಟಿದರು ಎಂದು ಚಿಕ್ಕವರು ನಾವು ಕೇಳಿದಾಗಲೆಲ್ಲ ಊಟಕ್ಕೆ ಕೂತ ಅವನು ಒಂದೇ ಕಥೆ ಹೇಳುತ್ತಿದ್ದ — ಹೈದರಾಬಾದಿನಿಂದ ಒಬ್ಬ ಇಂಜಿನಿಯರ್ ಸಾಹೇಬ ರೈಲಿನಲ್ಲಿ ಬಂದ, ಪೇಟೆಯ ಹಿರಿಯರು ಅವನಿಗೆ ಹಾರ ಹಾಕಿದರು, ಅವನು ಕಾಗದದ ಮೇಲೆ ನಕ್ಷೆ ಬರೆದುಕೊಟ್ಟು ಹೋದ. ಸಾಹೇಬನ ಹೆಸರು ಮಾತ್ರ ಒಂದೊಂದು ಸಲ ಒಂದೊಂದು ಆಗುತ್ತಿತ್ತು. ನಾವು ನಗುತ್ತಿದ್ದೆವು, ಅವನೂ ನಗುತ್ತಿದ್ದ.

ನಾನು ನಿವೃತ್ತನಾದ ಮೇಲೆ ಪೇಟೆಯ ವ್ಯಾಪಾರಿಗಳು ಬಂದು, ಕಟ್ಟಡದ ಇತಿಹಾಸ ಬರೆದುಕೊಡ್ರಿ ಮಾಸ್ತರ್ರೇ, ಸಣ್ಣದೊಂದು ಪುಸ್ತಕ ಮಾಡೋಣ ಎಂದರು. ನನಗಿಂತ ಯೋಗ್ಯನು ಊರಲ್ಲಿ ಯಾರಿದ್ದಾನೆ ಎಂದು ನನಗೂ ಅನ್ನಿಸಿತು. ಬರೆದೆ. ನಿಜಾಮರ ಕಾಲದ ವ್ಯಾಪಾರದ ಬಗ್ಗೆ ಬರೆದೆ, ಕಲ್ಲಿನ ಗುಣದ ಬಗ್ಗೆ ಬರೆದೆ. ಸುಣ್ಣದ ಗಚ್ಚಿನಲ್ಲಿ ಹಾಸಿದ ಫರಸಿಯನ್ನು ಎಷ್ಟು ವರ್ಷದ ಮೇಲೂ ಒಡೆಯದೆ ಇಡಿಯಾಗಿ ಎಬ್ಬಿಸಬಹುದು, ಸಿಮೆಂಟಿನಲ್ಲಿ ಹಾಸಿದರೆ ಅದು ಒಡೆದೇ ಏಳುತ್ತದೆ ಎಂದು ಒಂದು ಪುಟವನ್ನೇ ಬರೆದೆ. ಈ ಪುಟವನ್ನು ನೆನಪಿಟ್ಟುಕೋ. ಮತ್ತೆ ಅದೇ ಪುಸ್ತಕದಲ್ಲಿ ಮುತ್ಯಾನ ಸಾಹೇಬನನ್ನೂ ತಂದು ಕೂರಿಸಿದೆ. ಹೆಸರೇ ಗೊತ್ತಿಲ್ಲದವನನ್ನು ಹೆಸರಾಂತ ಇಂಜಿನಿಯರ್ ಎಂದು ಬರೆದೆ! ಐದನೆಯ ಕಮಾನು ಉಳಿದ ಎಂಟಕ್ಕಿಂತ ಅಗಲ, ಮೇಲೆ ತುಸು ಚಪ್ಪಟೆ — ಅದು ಸಾಹೇಬನ ಪರ್ಷಿಯನ್ ಅಭಿರುಚಿ ಎಂದೂ ಬರೆದೆ. ಎಲ್ಲಿಂದ ಬಂತು ಆ ಮಾತು? ನನ್ನ ತಲೆಯಿಂದ ಬಂತು.

ಪುಸ್ತಕ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ಆಗ ನಿಮ್ಮಪ್ಪ ಭೀಮಶಾ ನಮ್ಮ ಮನೆಗೆ ಬಂದ. ವಾಡಿ, ಶಾಹಾಬಾದಿನ ಖಣಿಗಳಲ್ಲಿ ಕಲ್ಲು ಎಬ್ಬಿಸಿ, ಆಮೇಲೆ ಪಾಲಿಶ್ ಮಷೀನಿನ ಮುಂದೆ ನಿಂತು ಎದೆ ತುಂಬ ದೂಳು ತುಂಬಿಕೊಂಡಿದ್ದ ಮನುಷ್ಯ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ನನಗಿಂತ ಹದಿಮೂರು ವರ್ಷ ದೊಡ್ಡವನು. ನಾನು ಅವನಿಗೆ ಬಾ ಎಂದೆ, ಹೋಗು ಎಂದೆ, ಅವನು ನನಗೆ ಬರ್ರಿ, ಹೋಗ್ರಿ ಎಂದ. ಈಗ ಬರೆಯುವಾಗ ಬಹುವಚನ ಹಚ್ಚಿದರೆ ಅದೊಂದು ಹೊಸ ನಾಟಕವಾದೀತು, ಅದಕ್ಕೇ ಹಚ್ಚಿಲ್ಲ. ಕಟ್ಟೆಯ ಮೇಲೆ ಕೂರು ಎಂದೆ, ಚಹಾ ತರಿಸಿದೆ. ಒಳಗೆ ಬಾ ಎಂದು ಮಾತ್ರ — ಅನ್ನಲಿಲ್ಲ.

“ಸರ, ನೀವು ಬುಕ್ ಬರಿಯಾಕತ್ತೀರಂತ,” ಎಂದ. “ನಮ್ಮಪ್ಪಂದು ಒಂದು ಮಾತು ಅದರಾಗ ಬರ್ಲಿ ಅಂತ ಬಂದೀನ್ರಿ. ಒಂದೇ ಸಾಲು ಸಾಕ್ರಿ.”

ಏನು ಮಾತು ಎಂದೆ.

“ಆ ಕಮಾನೆಲ್ಲ ನಮ್ಮಪ್ಪ ಗೀಚ್ಯಾನ್ರಿ. ಕಾಗದದ ಮ್ಯಾಲಲ್ಲ, ಫರಸಿ ಮ್ಯಾಲ. ಇದ್ದಷ್ಟೇ ಅಳತಿಯಾಗ. ಐದನೇದು ಎರಡು ಸಲ ಗೀಚ್ಯಾನಂತ. ಮೊದಲನೇದು ಉಳದವುರಂಗೇ ಇತ್ತಂತ. ಆಮ್ಯಾಗ ದಂಡೋತಿಯಿಂದ ಚೀಲ ಹೇರಿದ ಗಾಡಿ ಬಂತಲ್ರಿ, ಅದನ್ನ ಆ ಗೀಟಿನ ಮ್ಯಾಲೇ ನಿಂದ್ರಿಸಿ ನೋಡಿದ್ರ ಗಾಲಿ ಕಂಬದ ಗೀಟಿಗೆ ತಾಕ್ತದ! ಅದನ್ನ ಕಾಟ ಹೊಡದು, ಅಲ್ಲೇ ದೊಡ್ಡದು ಗೀಚ್ಯಾನ. ಆ ಕಲ್ಲ ಅಲ್ಲೇ ಕಟ್ಟಡದಾಗೇ ಅದಾವ ಅಂತ ಹೇಳ್ತಿದ್ದ. ಎಲ್ಲಿ ಅಂಬೋದು ನನಗ ಗೊತ್ತಿಲ್ರಿ. ಓದು ಬರಹ ಇರಲಿಲ್ಲ ಅವನಿಗೆ. ಗುರ್ತಿಗೆ ಹಕ್ಕಿ ಹೆಜ್ಜಿ ಕಡೀತಿದ್ದ.”

ಒಂದು ಕಡೆ ಕೂಡುವ ಮೂರು ಗೆರೆ — ತನ್ನ ಬೆರಳಿನಿಂದ ಕಟ್ಟೆಯ ದೂಳಿನಲ್ಲಿ ಬರೆದು ತೋರಿಸಿದ. ನೋಡೋಣ ಎಂದೆ. ಅವನು ಹೋದ ಮೇಲೆ ನಾನು ಆ ದೂಳನ್ನು ಒರೆಸಲಿಲ್ಲ, ಬರೆದೂ ಇಟ್ಟುಕೊಳ್ಳಲಿಲ್ಲ. ಸುಮ್ಮನೆ ಮರೆತಂತೆ ಇದ್ದೆ. ಇನ್ನೆರಡು ಸಲ ಬಂದ, ಅದನ್ನೇ ಹೇಳಿದ, ಒಂದಕ್ಷರ ಆಚೀಚೆ ಆಗಲಿಲ್ಲ. ನನ್ನ ಮುತ್ಯಾನ ಸಾಹೇಬನ ಹೆಸರು ದಿನಕ್ಕೊಂದು ಆಗುತ್ತಿತ್ತು, ಇವನ ಗಾಡಿ ಮಾತ್ರ ಪ್ರತಿ ಸಲವೂ ದಂಡೋತಿಯಿಂದಲೇ ಬರುತ್ತಿತ್ತು. ಯಾವುದು ಇತಿಹಾಸ, ಯಾವುದು ಹರಟೆ ಎಂದು ತಿಳಿಯಲು ಇದಕ್ಕಿಂತ ಏನು ಬೇಕಿತ್ತು?

ಪುಸ್ತಕ ಬಿಡುಗಡೆಯ ದಿನ ನೀನೂ ಇದ್ದೆ. ಪಡಸಾಲೆಯಲ್ಲಿ ಶಾಮಿಯಾನ, ಮೈಕು, ನನ್ನ ಹೆಗಲಿಗೆ ಶಾಲು. ನಾನು ಸಾಹೇಬನ ಬಗ್ಗೆ ಹೇಳುತ್ತಿರುವಾಗ ಹಿಂದಿನ ಸಾಲಿನಿಂದ ನಿಮ್ಮಪ್ಪ ಎದ್ದು ನಿಂತ. “ಸರ, ಆ ಸಾಹೇಬ ಯಾರ್ರಿ? ನಮ್ಮಪ್ಪ ಗೀಚ್ಯಾನ್ರಿ ಇದನ್ನ.” ಅಷ್ಟೇ. ಜೋರು ಮಾಡಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ಆಗ ನಾನು ಮೈಕಿನಲ್ಲಿ ಏನಂದೆ ಎಂದು ನಿನಗೆ ನೆನಪಿದೆ: “ಭೀಮಶಾ, ಇತಿಹಾಸಕ್ಕ ದಾಖಲೆ ಬೇಕಾಗ್ತದ. ಮನ್ಯಾಗ ಹೇಳೋ ಕಥಿ ನಡಿಯಂಗಿಲ್ಲ.”

ಎಲ್ಲರೂ ನಕ್ಕರು. ನನ್ನದೂ ಮನೆಯಲ್ಲಿ ಹೇಳಿದ ಕಥೆಯೇ ಎಂದು ಆ ನೆರೆದ ಜನರಲ್ಲಿ ಗೊತ್ತಿದ್ದವನು ನಾನೊಬ್ಬನೇ. ನೀನು ಎದ್ದು ನಿಮ್ಮಪ್ಪನ ಕೈ ಜಗ್ಗಿದೆ. “ಅಪ್ಪಾ, ಕುಂದ್ರು. ಸರ್‌ಗ ಗೊತ್ತಿರ್ತದ,” ಎಂದೆ. ಅವನು ನಿನ್ನ ಮುಖ ನೋಡಿದ. ನನ್ನ ಮಾತಿಗೆ ಕೂರದವನು ನಿನ್ನ ಮಾತಿಗೆ ಕೂತ. ವೇದಿಕೆಯ ಮೇಲಿಂದ ನನಗೆ ಅದು ಚೆನ್ನಾಗಿ ಕಂಡಿತು. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಯಿತು — ನಾನು ಕಲಿಸಿದ ಹುಡುಗಿ, ದಾಖಲೆ ಕೇಳಬೇಕೆಂದು ತಿಳಿದವಳು ಎಂದು.

ಅದಾದ ಐದಾರು ತಿಂಗಳಿಗೆ ಐದನೆಯ ಕಮಾನಿನ ದಾರಿಯ ನೆಲ ಕುಸಿಯಿತು. ಟೆಂಪೋಗಳು ಓಡಾಡಿ ಫರಸಿ ತಗ್ಗಾಗಿದ್ದವು. ಎಬ್ಬಿಸಿ ಮತ್ತೆ ಹಾಸಬೇಕು, ಮಾಸ್ತರ್ರು ನಿಂತು ಮಾಡಿಸಲಿ ಎಂದು ತೀರ್ಮಾನವಾಯಿತು. ಇತಿಹಾಸ ಬರೆದವನು ನಾನಲ್ಲವೇ? ಶಾಹಾಬಾದಿನ ಖಾಜಾ ಮಿಸ್ತ್ರಿಯನ್ನು ಕರೆಸಿದೆ. ಅದೇ ವಾರ ನಿಮ್ಮಪ್ಪ ಉಸಿರಾಟದ ತೊಂದರೆಯಿಂದ ಕಲಬುರಗಿ ಆಸ್ಪತ್ರೆಯಲ್ಲಿದ್ದ. ಅವನು ಊರಲ್ಲಿದ್ದಿದ್ದರೆ ಕೋಲೂರಿಕೊಂಡು ಬಂದು ಅಲ್ಲೇ ಕೂತಿರುತ್ತಿದ್ದ. ಆಗ ನಾನು ಏನು ಮಾಡುತ್ತಿದ್ದೆನೋ — ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ಸರಿ.

ಮಧ್ಯಾಹ್ನ ಮಿಸ್ತ್ರಿ ನನ್ನನ್ನು ಹಿಂದಿನ ಅಂಗಳಕ್ಕೆ ಕರೆದ. ಪೂರ್ವದ ಕಂಬದ ಬುಡದಿಂದ ಎಬ್ಬಿಸಿದ ಆರು ಫರಸಿಗಳನ್ನು ಅಂಗಾತ ಮಾಡಿ ಒಂದಕ್ಕೊಂದು ಹೊಂದಿಸಿ ಇಟ್ಟಿದ್ದ. ನೀರು ಹಾಕಿ ತೊಳೆದಿದ್ದ. ನೀರು ಬಿದ್ದ ಕಲ್ಲು ಕಪ್ಪಾಗಿತ್ತು, ಕಪ್ಪಿನ ಮೇಲೆ ಗೆರೆಗಳು ಬೆಳ್ಳಗೆ ಎದ್ದಿದ್ದವು.

“ನಕ್ಷಾ ಅದ್ರೀ ಸರ,” ಎಂದ ಮಿಸ್ತ್ರಿ. “ನಮ್ಮ ಉಸ್ತಾದ ಹೇಳ್ತಿದ್ದ. ಹಿಂದಕ ಹಿಂಗೇ ಗೀಚಿ, ಇದರ ಮ್ಯಾಲೇ ಕಲ್ಲಿಟ್ಟು ಅಳತಿ ನೋಡಿ ಕಡೀತಿದ್ರಂತ. ಕಮಾನ ಎದ್ದ ಮ್ಯಾಲ ಗೀಚಿದ ಫರಸಿ ಯಾಕ ದಂಡ ಮಾಡಬೇಕು ಅಂತ ನೆಲಕ್ಕ ಬೋರಲ ಹಾಸಿಬಿಡೋರು. ನಾ ಕಣ್ಣಿಲೆ ನೋಡಿದ್ದು ಇದೇ ಮೊದಲ್ರಿ.”

ಅರ್ಧ ಕಮಾನು. ಇನ್ನರ್ಧ ಅದರ ಪಡಿಯಚ್ಚು, ಗೀಚುವ ಅಗತ್ಯವಿಲ್ಲ. ಕಂಬದ ಗೆರೆಯಿಂದ ಏಳುವ ಒಂದು ಸಣ್ಣ ಬಾಗು, ಅದರ ಉದ್ದಕ್ಕೂ ಅಡ್ಡಡ್ಡ ಕಾಟು. ಅದರ ಹೊರಗೆ ಇನ್ನೊಂದು ಬಾಗು — ಅಗಲ, ಮೇಲೆ ತುಸು ಚಪ್ಪಟೆ. ತಲೆ ಎತ್ತಿ ನೋಡಿದರೆ ಅಲ್ಲೇ ನಿಂತಿತ್ತು, ಅದೇ ಬಾಗು, ಕಲ್ಲಾಗಿ. ಸಣ್ಣ ಬಾಗಿನ ಬುಡದಲ್ಲಿ ಒಂದು ದುಂಡು ಗೆರೆ, ನಡುವೆ ಚುಕ್ಕೆ: ಗಾಡಿಯ ಗಾಲಿ. ಕೊನೆಯ ಫರಸಿಯ ಮೂಲೆಯಲ್ಲಿ, ಉಳಿಯಿಂದ ಆಳಕ್ಕೆ ಕಡಿದ ಮೂರು ಗೆರೆ.

ಹಕ್ಕಿಯ ಹೆಜ್ಜೆ.

ಮಂಡಿಯೂರಿ ಕೂತೆ. ಬೆರಳಿಟ್ಟು ಸವರಿದೆ. ನನ್ನ ಪರ್ಷಿಯನ್ ಅಭಿರುಚಿ ಒಂದು ಎತ್ತಿನ ಗಾಡಿಯ ಗಾಲಿಯಾಗಿತ್ತು. ಓದು ಬರಹ ಇಲ್ಲದ ಒಬ್ಬ ಮನುಷ್ಯ ಬಿಸಿಲಲ್ಲಿ ಕೂತು, ತಪ್ಪು ಮಾಡಿ, ತಪ್ಪನ್ನು ತಾನೇ ಕಂಡು, ಎಲ್ಲರಿಗೂ ಕಾಣುವಂತೆ ಕಾಟು ಹೊಡೆದು ತಿದ್ದಿಕೊಂಡಿದ್ದ. ಓದು ಬರಹ ಇರುವ ನನ್ನ ಕೈಯಲ್ಲಿ ಅದು ಆಗಲಿಲ್ಲ.

ನಾನು ಅಲ್ಲಿ ಕೂತಿದ್ದು ಹತ್ತು ನಿಮಿಷ ಇರಬಹುದು. ಕಿಸೆಯಲ್ಲಿ ಮೊಬೈಲ್ ಇತ್ತು, ಒಂದು ಫೋಟೋ ತೆಗೆಯಲಿಲ್ಲ. ಊರಿಗೆಲ್ಲ ಹಂಚಿದ ಪುಸ್ತಕ ಕಣ್ಣಮುಂದೆ ಬಂತು. ಶಾಲು ಬಂತು. ಮೈಕಿನಲ್ಲಿ ಆಡಿದ ಮಾತು ಬಂತು. ಇವೆಲ್ಲ ಸಣ್ಣ ಕಾರಣಗಳು, ಸುಜಾತಾ. ಇವಿಷ್ಟೇ ಆಗಿದ್ದರೆ ಎರಡನೆಯ ಮುದ್ರಣದಲ್ಲಿ ತಿದ್ದಿ ಇನ್ನೊಂದು ಶಾಲು ಹೊದಿಸಿಕೊಳ್ಳುತ್ತಿದ್ದೆ. ಗೀಚಿದವನು ನಮ್ಮವರಲ್ಲಿ ಒಬ್ಬನಾಗಿದ್ದರೆ, ಖಾಜಾ ಮಿಸ್ತ್ರಿಯ ಉಸ್ತಾದನಾಗಿದ್ದರೂ ಸರಿ, ಡಂಗುರ ಸಾರುತ್ತಿದ್ದೆ. ಗೀಚಿದವನು ಸಾಯಬಣ್ಣ. ಕಟ್ಟುವಾಗ ಅವನು ನನ್ನ ಮುತ್ಯಾನ ಅಂಗಡಿಯ ನೆತ್ತಿಯ ಮೇಲೆ ನಿಂತು ಮಾಳಿಗೆ ಹಾಸಿದ್ದ, ವಾಸ್ತುಪೂಜೆ ಆದ ಮೇಲೆ ಅದೇ ಅಂಗಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಇದು ನನಗೆ ಗೊತ್ತಿತ್ತು. ಇದನ್ನೂ ಮುತ್ಯಾ ಊಟಕ್ಕೆ ಕೂತಾಗಲೇ ಹೇಳಿದ್ದ, ಹೆಸರು ಹೇಳದೆ, ಆ ಮಿಸ್ತ್ರಿ ಎಂದು. ಬಸವ ಜಯಂತಿಗೆ ವರ್ಷ ವರ್ಷ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡಿದವನು ನಾನು. ಆ ಬಾಯಿಗೆ ಈ ಒಂದು ಹೆಸರು ಬರಲಿಲ್ಲ. ನಾವು ಮೂರು ತಲೆಮಾರು ಮೆರೆದ ಕಟ್ಟಡ ಆ ಕೈಯಿಂದ ಬಂದದ್ದು ಎಂದು ಒಪ್ಪಲು — ಆಗಲಿಲ್ಲ. ಇದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

“ಏನ ಮಾಡ್ಲಿ ಸರ ಇವನ್ನ?” ಎಂದು ಮಿಸ್ತ್ರಿ ಕೇಳಿದ. “ಗ್ವಾಡಿಗೆ ನಿಂದ್ರಿಸಿ ಹಚ್ಚಿದ್ರ ಮಂದಿ ನೋಡ್ತಾರ.”

“ಮೊದಲು ಹ್ಯಾಂಗಿದ್ವೋ ಹಾಂಗೇ ಬೋರಲ ಹಾಕ್ರಿ,” ಎಂದೆ.

“ಗಚ್ಚಿನಾಗೇ ಹಾಸ್ಲೇನ್ರಿ?”

“ಬ್ಯಾಡ. ಸಿಮೆಂಟ್ ಹಾಕ್ರಿ.”

ಮಿಸ್ತ್ರಿ ನನ್ನ ಮುಖವನ್ನೇ ನೋಡಿದ. “ಸಿಮೆಂಟ್ ಹಾಕಿದ್ರ ಮತ್ತ ಇಡಿಯಾಗಿ ಏಳಂಗಿಲ್ರಿ ಸರ. ಒಡದೇ ಏಳ್ತಾವ.”

“ಗೊತ್ತು,” ಎಂದೆ.

ಸುಜಾತಾ, ಬೋರಲು ಹಾಕಿದ್ದಕ್ಕೆ ನೂರು ನೆಪ ಹೇಳಬಹುದು. ಮೊದಲೂ ಹಾಗೇ ಇತ್ತು, ಇದ್ದಂತೆ ಇಟ್ಟೆ ಎನ್ನಬಹುದು. ಈ ಒಂದು ಮಾತಿಗೆ ನೆಪ ಇಲ್ಲ. ಸುಣ್ಣದಲ್ಲಿ ಹಾಸಿದ್ದರೆ ಇನ್ಯಾವತ್ತೋ ನೆಲ ಮತ್ತೆ ಕುಸಿದಾಗ, ನನ್ನ ನಂತರವಾದರೂ, ಅವು ಇಡಿಯಾಗಿ ಎದ್ದು ಬರುತ್ತಿದ್ದವು. ಅದು ಕೂಡದು ಎಂದೇ ಸಿಮೆಂಟು ಹಾಕಿಸಿದೆ. ನನ್ನ ಪುಸ್ತಕದ ಆ ಒಂದು ಪುಟದಲ್ಲಿ ನಾನು ಸುಳ್ಳು ಬರೆದಿರಲಿಲ್ಲ ನೋಡು, ಅದು ಕೆಲಸಕ್ಕೆ ಬಂತು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಕಲ್ಲಿನ ವಿಷಯವಾಗಿ ಉಳಿಯುತ್ತಿತ್ತು. ಎರಡು ವಾರದ ಮೇಲೆ ನಿಮ್ಮಪ್ಪ ಆಸ್ಪತ್ರೆಯಿಂದ ಬಂದ. ಫರಸಿ ಎಬ್ಬಿಸಿದ ಸುದ್ದಿ ಯಾರೋ ಹೇಳಿದ್ದರು. ಬೆಳಿಗ್ಗೆ ಬೆಳಿಗ್ಗೆಯೇ ಕೋಲು ಹಿಡಿದು ಐದನೆಯ ಕಮಾನಿನ ಕೆಳಗೆ ಬಂದು ನಿಂತಿದ್ದ. ನಾನು ಅಂಗಡಿಗೆ ಹೋಗುತ್ತಿದ್ದವನು ಅವನನ್ನು ಕಂಡು ತಿರುಗಿ ಹೋಗಬೇಕೆಂದುಕೊಂಡೆ, ಅಷ್ಟರಲ್ಲಿ ಅವನು ನೋಡಿಬಿಟ್ಟ.

“ಸರ, ನೆಲ ಎಬ್ಬಿಸಿದ್ರಂತಲ್ರಿ. ಕೆಳಗ ಏನರ ಸಿಕ್ತೇನ್ರಿ?”

ಅವನು ನಿಂತಿದ್ದದ್ದು ಆ ಆರು ಫರಸಿಗಳ ಮೇಲೇ. ಅವನ ಕೋಲು ಊರಿದ್ದ ಜಾಗದ ಅಡಿಯಲ್ಲಿ ಅವನಪ್ಪನ ಗಾಲಿ ಇತ್ತು.

“ಏನೂ ಇರಲಿಲ್ಲ ಭೀಮಶಾ,” ಎಂದೆ. “ಬರೇ ಮಣ್ಣು.”

ಅವನು ಉಸಿರು ತೆಗೆದುಕೊಂಡ. ಆ ಉಸಿರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ನಾನು ನಿಜ ಹೇಳಲು ಬೇಕಾದಷ್ಟು ಸಮಯ ಇತ್ತು. ನಾನು ಕಮಾನಿನ ಕಡೆ ನೋಡುತ್ತ ನಿಂತೆ.

“ಹೌದೇನ್ರಿ,” ಎಂದ ಕೊನೆಗೆ. “ಹಂಗಾರ ನಮ್ಮಪ್ಪ ಸುಮ್ಮ ಹೇಳಿರಬೇಕ್ರಿ. ಸಣ್ಣವರು ನಾವು ಖುಷಿ ಆಗ್ಲಿ ಅಂತ.” ಆಮೇಲೆ ನನಗೆ ಕೈ ಮುಗಿದ. ತ್ರಾಸು ಕೊಟ್ಟೆ ಎಂದು ಕೈ ಮುಗಿದ. ನಾನು ಆ ಕೈ ಮುಗಿಸಿಕೊಂಡು ಅಂಗಡಿಗೆ ಹೋಗಿ ಕೂತೆ.

ಅದಾಗಿ ಎರಡು ವರ್ಷಕ್ಕೆ ಅವನು ತೀರಿಕೊಂಡ. ಬುದ್ಧವಿಹಾರದಲ್ಲಿ ನೀವು ಮಾಡಿದ ಸಭೆಗೆ ಬಂದೆ, ಹೂ ಹಾಕಿದೆ. ಕಲ್ಲಿನೊಂದಿಗೇ ಬದುಕಿದ ಶ್ರಮಜೀವಿ ಎಂದು ನಾಲ್ಕು ಮಾತೂ ಆಡಿದೆ. ನೀನು ಕಣ್ಣೊರೆಸಿಕೊಂಡು, ಸರ್ ಬಂದಿದ್ದು ದೊಡ್ಡದಾತು ಎಂದೆ. ಕಲ್ಲಿನೊಂದಿಗೆ ಬದುಕಿದವನಂತೆ! ಮಾತು ಮಾತ್ರ ನನಗೆ ಯಾವತ್ತೂ ಕೈಕೊಟ್ಟಿಲ್ಲ.

ಹೋದ ತಿಂಗಳು ನೀನು ಮುಧೋಳದಿಂದ ಬಂದೆ. ಪಂಚಾಯಿತಿ ಆಫೀಸಿನ ಕೆಲಸ, ಬಸ್ಸಿನ ಓಡಾಟ ಎಲ್ಲ ಹೇಳಿದೆ. ನಾನು ಒಳಗೆ ಬಾ ಎಂದೆ, ನೀನು ಒಳಗೆ ಬಂದು ಕುರ್ಚಿಯ ಮೇಲೆ ಕೂತೆ. ಆಮೇಲೆ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದೆ.

“ಸರ್, ಹಳೆ ಮನಿ ಖಾಲಿ ಮಾಡಾಗ ಮುತ್ಯಾನ ಕೊಡತಿ ಸಿಕ್ತು. ನಿಮ್ಮ ಹತ್ರ ಹಳೆ ಸಾಮಾನ ಇರ್ತಾವಲ್ಲ, ಅದರಾಗ ಇಟ್ಕೋರ್ರಿ. ನಮ್ಮ ಮನ್ಯಾಗ ಇದ್ರ ಯಾರು ನೋಡ್ತಾರ.”

ಹಿಡಿ ಸವೆದು ನುಣ್ಣಗಾದ ಕಟ್ಟಿಗೆಯ ಕೊಡತಿ, ಉಳಿಯ ತಲೆಯ ಮೇಲೆ ಹೊಡೆದು ಹೊಡೆದು ಎರಡೂ ಕಡೆ ತಗ್ಗು ಬಿದ್ದದ್ದು. ಹಿಡಿಯ ತುದಿಯಲ್ಲಿ ಮೂರು ಗೆರೆ ಕಡಿದಿದ್ದವು. ನಾನು ಅದನ್ನು ನೋಡಿದೆ. ನೀನು ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದೆ.

“ಅಪ್ಪ ನಿಮಗ ಭಾಳ ತ್ರಾಸ ಕೊಟ್ಟಾನ್ರಿ ಸರ್. ಮನಸಿಗೆ ಹಚ್ಕೋಬ್ಯಾಡ್ರಿ. ಸಾಯೋ ಮುಂದ ಅವನೇ ಅಂದ — ಮಾಸ್ತರ್ರು ಹೇಳಿದ್ದೇ ಖರೇ ಇರಬೇಕವ್ವಾ, ನಮ್ಮಪ್ಪ ಸುಳ್ಳ ಹೇಳ್ಯಾನ, ಅದನ್ನೇ ನಾನೂ ಊರಾಗೆಲ್ಲ ಹೇಳ್ಕೋತ ತಿರಗೀನಿ ಅಂತ. ಅವತ್ತು ಸಭಾದಾಗ ಅವನ ಸಲುವಾಗಿ ನನಗೂ ಭಾಳ ನಾಚಿಕಿ ಆಗಿತ್ರಿ.”

ನೀನು ಹೋದ ಮೇಲೆ ಕೊಡತಿಯನ್ನು ಮೇಜಿನ ಮೇಲೆ ಇಟ್ಟೆ. ಇವತ್ತಿಗೂ ಅಲ್ಲೇ ಇದೆ, ಇದನ್ನು ಬರೆಯುವಾಗ ಅದರ ಹಿಡಿ ನನ್ನ ಮೊಣಕೈಗೆ ತಾಗುತ್ತಿದೆ. ಒಂದು ಕಟ್ಟಡದ ಚರಿತ್ರೆಯಿಂದ ಒಬ್ಬ ಮಿಸ್ತ್ರಿಯ ಹೆಸರು ಬಿಟ್ಟೆ ಎಂದಷ್ಟೇ ನಾನು ತಿಳಿದಿದ್ದೆ. ಹಾಗಲ್ಲ. ಒಬ್ಬ ಮಗ ತನ್ನ ಅಪ್ಪನನ್ನು ಸುಳ್ಳುಗಾರ ಎಂದುಕೊಂಡು ಸಾಯುವಂತೆ ಮಾಡಿದೆ. ಒಬ್ಬ ಮಗಳು ತನ್ನ ಅಪ್ಪನಿಗಾಗಿ ನಾಚುವಂತೆ ಮಾಡಿದೆ, ಆ ನಾಚಿಕೆಗೆ ಕ್ಷಮೆ ಕೇಳಲು ಅವಳು ನನ್ನ ಹತ್ತಿರವೇ ಬರುವಂತೆ ಮಾಡಿದೆ. ನನ್ನ ವಿದ್ಯಾರ್ಥಿನಿ ಎಂದು ಅವತ್ತು ಹೆಮ್ಮೆಪಟ್ಟೆನಲ್ಲ — ಹೌದು, ಅಪ್ಪನ ಮಾತಿಗಿಂತ ಮಾಸ್ತರನ ಮಾತು ದೊಡ್ಡದು ಎಂದು ನಿನಗೆ ಕಲಿಸಿದವನು ನಾನೇ. ಆ ನಾಚಿಕೆ ನಿನ್ನದಲ್ಲ. ನನಗೆ ವಾಪಸು ಕೊಟ್ಟುಬಿಡು.

ನಿನ್ನೆ ಖಾಜಾ ಮಿಸ್ತ್ರಿಯ ಮನೆಗೆ ಹೋಗಿದ್ದೆ. ಈಗ ಅವನಿಗೂ ಕಣ್ಣು ಮಂಜು, ಆದರೆ ನನ್ನನ್ನು ಕಂಡ ಕೂಡಲೇ, “ಆ ಫರಸಿ ಸಲುವಾಗಿ ಬಂದೀರಿ,” ಎಂದ. ಎಂಟು ವರ್ಷ ಅವನೂ ಅದನ್ನು ಹೊತ್ತುಕೊಂಡಿದ್ದಾನೆ. ಒಡೆಯದೆ ಎಬ್ಬಿಸಬಹುದೇ ಎಂದು ಕೇಳಿದೆ. ಆಗುವುದಿಲ್ಲ ಎಂದ. ಮತ್ತೆ ತಡೆದು, “ಕಲ್ಲ ಒಡದ್ರೂ, ಗೀಟಿನಾಗ ಸಿಮೆಂಟ್ ಇಳದಿರ್ತದಲ್ರಿ, ಕೆಳಗ ಅದರ ಅಚ್ಚು ಮೂಡಿದ್ರೂ ಮೂಡಿರಬೌದು,” ಎಂದ. ಇರಬಹುದು. ಇರದೆಯೂ ಇರಬಹುದು. ಅದರ ಮೇಲೆ ಭರವಸೆ ಇಟ್ಟು ಬರೆಯುತ್ತಿಲ್ಲ.

ವ್ಯಾಪಾರಿಗಳ ಸಂಘಕ್ಕೆ ಎಲ್ಲ ಬರೆದು, ಸಹಿ ಮಾಡಿ ಕೊಟ್ಟಿದ್ದೇನೆ. ನನ್ನ ಪುಸ್ತಕ ಸುಳ್ಳು, ಸಾಹೇಬ ಸುಳ್ಳು, ನೆಲದಡಿ ಆರು ಫರಸಿ ಇವೆ, ಮುಚ್ಚಿಸಿದವನು ನಾನು. ನನ್ನ ತಮ್ಮನ ಮಗ ಅದನ್ನು ಓದಿ, ದೊಡ್ಡಪ್ಪಾ, ಈ ವಯಸ್ಸಿನಾಗ ಇದೆಲ್ಲ ಯಾಕ ಬೇಕಿತ್ತು, ಮನೆತನದ ಮರ್ಯಾದಿ ಏನಾಗಬೇಕು ಎಂದ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೆಲ ಎಬ್ಬಿಸಲು ಒಪ್ಪಿದ್ದಾರೆ, ಅರ್ಧ ಮನಸ್ಸಿನಿಂದ. ಮೈಕು ಬೇಡ ಎಂದರು. ಬೇಕು ಎಂದೆ.

ನೀನು ಬರಬೇಕು. ಬರದಿದ್ದರೂ ನಿನ್ನ ತಪ್ಪೇನಿಲ್ಲ. ಪೂರ್ವದ ಕಂಬದ ಬುಡದಿಂದ ಆರು ಫರಸಿ, ಮೊದಲ ಸಾಲಿನಲ್ಲಿ ಮೂರು, ಎರಡನೆಯ ಸಾಲಿನಲ್ಲಿ ಮೂರು. ನಾನು ಅಷ್ಟರೊಳಗೆ ಸತ್ತರೆ ಎಂದು ಇದನ್ನೂ ಬರೆದಿಟ್ಟಿದ್ದೇನೆ. ಕೊಡತಿಯನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನನ್ನ ಹಳೆ ಸಾಮಾನಿನಲ್ಲಿ ಅದಕ್ಕೆ ಜಾಗ ಇಲ್ಲ.

ಕಲ್ಲು ಒಡೆದರೆ ಒಡೆದ ಚೂರುಗಳನ್ನೇ ಎಲ್ಲರೂ ನೋಡಲಿ. ಅದೇ ಪಡಸಾಲೆಯಲ್ಲಿ, ಅದೇ ಮೈಕಿನಲ್ಲಿ ಹೇಳುತ್ತೇನೆ: ಭೀಮಶಾ ಹೇಳಿದ್ದಕ್ಕೆ ದಾಖಲೆ ಇತ್ತು, ಅದನ್ನು ಒಡೆದವನು ನಾನು. ಪೇಟೆ ಕೇಳುತ್ತದೆ, ನೀನು ಬಂದರೆ ನೀನು ಕೇಳುತ್ತೀಯ. ಕೇಳಬೇಕಾದವನು ಮಾತ್ರ ಅಲ್ಲಿ ಇರುವುದಿಲ್ಲ.